ಬಿಚ್ಚದೆ ಬೆಲೆ ಕಟ್ಟುವ ಏಳು ಕಲ್ಲಿನ ಓಲೆ

ಕಲ್ಲಿನ ಬೆನ್ನು ಚಿನ್ನದಿಂದ ಮುಚ್ಚಿ ಕಟ್ಟಿದ, ಹಳೇ ಕಾಲದ ಏಳು ಕಲ್ಲಿನ ವಜ್ರದ ಓಲೆ. ಕಲ್ಲು ಬಿಚ್ಚದೆ ತೂಕ ಹೇಳ್ತೀನಿ ಅಂದ್ರೆ ಮೈಸೂರಿನ ಅಶೋಕ ರಸ್ತೆಯ ಆಭರಣದ ಅಂಗಡಿಯವರು "ಕಣಿ ಹೇಳ್ತೀಯೇನಪ್ಪಾ" ಅಂತ ನಗೋರು. ಈಗ ಅವರೇ ಓಲೆ ಕಳಿಸಿ ಅಂದಾಜು ಕೇಳ್ತಾರೆ. ಮಂಡ್ಯ ಕಡೆಯಿಂದ ಅಜ್ಜಿ ಓಲೆ ಮಾರಲು ತಂದವರ ಮುಂದೆ ಬಿಚ್ಚೋ ಮಾತೆತ್ತಿದರೆ ಎದ್ದು ಹೋಗ್ತಾರೆ. ಒಪ್ಪಿದರೂ, ವ್ಯಾಪಾರ ಕುದುರದಿದ್ದರೆ ಮತ್ತೆ ಕಟ್ಟಿಸುವ ಕೂಲಿ ನಮ್ಮ ತಲೆಗೇ.

ಒಂದೊಂದೇ ಕಲ್ಲಿನ ಅಗಲ ಹಿಡಿದು, ಅಗಲಕ್ಕೆ ತೂಕ ಬರೆದ ಪಟ್ಟಿ ನೋಡಿ ಕೂಡಿಸುವ ಕ್ರಮ ಕೈಕೊಡುತ್ತೆ. ಗುಂಡು ಕಲ್ಲು 3 ಮಿ.ಮೀ. ಇದ್ದರೆ ಹತ್ತು ಸೆಂಟ್ (ನೂರು ಸೆಂಟ್ ಅಂದರೆ ಒಂದು ಕ್ಯಾರೆಟ್), 3.1 ಆದರೆ ಆಗಲೇ ಹನ್ನೊಂದು. ಕಲ್ಲನ್ನು ಹಿಡಿದಿಟ್ಟ ಚಿನ್ನದ ಹಲ್ಲು ಅಂಚನ್ನು ಮುಚ್ಚಿರುವಾಗ 0.1 ತಪ್ಪೋದು ಮಾಮೂಲು. ಜೊತೆಯ ಹದಿನಾಲ್ಕು ಕಲ್ಲಿಗೆ ಅದು 14 ಸೆಂಟ್. ಕ್ಯಾರೆಟ್‌ಗೆ 40,000 ಹಿಡಿದರೂ 5,600 ರೂಪಾಯಿ. ಲಾಭ ಅಲ್ಲಿಗೇ ಹೋಯ್ತು.

ನಾನು ಮೂರು ಕಲ್ಲನ್ನು ಒಟ್ಟಿಗೆ ಅಳೀತೀನಿ. ಏಳೂ ಒಂದೇ ಸೈಜ್ ಇದ್ದರೆ, ನಡುವಿನ ಕಲ್ಲಿನ ಮೇಲೆ ಹಾಯಿಸಿ, ಎದುರುಬದುರು ಕಲ್ಲುಗಳ ಹೊರ ಅಂಚಿನಿಂದ ಅಂಚಿಗೆ ಗೇಜ್ ಹಿಡಿಯಬೇಕು. ಹೀಗೆ ಒಂದು ಓಲೆಗೆ ಮೂರು ಅಡ್ಡಳತೆ. ಕಲ್ಲುಗಳ ನಡುವಿನ ಸಂದಿ ಕಳೆದು ಮೂರರಿಂದ ಭಾಗಿಸಿದರೆ ಒಂದರ ಅಗಲ. ಗೇಜಿನ ತಪ್ಪೂ ಮೂರರಲ್ಲೊಂದಾಗುತ್ತೆ. ಸಂದಿಗೆ ಎಷ್ಟು ಕಳೀತೀನಿ ಅನ್ನೋದು ನನ್ನ ಹತ್ತಿರವೇ ಇರಲಿ, ಅದು ನನ್ನ ಅನ್ನ. ಆಮೇಲೆ ಮಿ.ಮೀ. ಅಗಲವನ್ನು ಅಗಲ × ಅಗಲ × ಅಗಲ ಮಾಡಿ 0.00366ರಿಂದ ಗುಣಿಸಿ, ಒಂದು ಕಲ್ಲಿನ ಕ್ಯಾರೆಟ್ ಬರುತ್ತೆ. ಇದು ಎತ್ತರ ಅಗಲದ 60% ಎಂದು ಹಿಡಿದ ಲೆಕ್ಕ. ಟೇಬಲ್, ಅಂದರೆ ಕಲ್ಲಿನ ಮೇಲಿನ ಚಪ್ಪಟೆ ಮುಖ, ಚಿಕ್ಕದಿದ್ದು, ಲೂಪ್‌ನಲ್ಲಿ (ಕಣ್ಣಿಗೆ ಹಿಡಿಯೋ ಭೂತಗನ್ನಡಿ) ನಡುವೆ ದುಂಡು ಚುಕ್ಕೆ ಕಂಡರೆ ಹಳೇ ಕಟಿಂಗ್, ಆಳ ಜಾಸ್ತಿ. ಅದಕ್ಕೆ ನೂರಕ್ಕೆ ಐದಾರು ಸೇರಿಸ್ತೀನಿ. 1.4 ಕ್ಯಾರೆಟ್ ಅಂದಿದ್ದ ಜೊತೆಯೊಂದು ಬಿಚ್ಚಿ ತೂಗಿದಾಗ ಮೂರ್ನಾಲ್ಕು ಸೆಂಟ್ ಆಚೀಚೆ ಬಂತು. ಬಿಚ್ಚಿ ನೋಡೋ ಮುಂಚೆ ಇಷ್ಟು ಹತ್ತಿರ ಇನ್ಯಾರಾದರೂ ಹೇಳಲಿ ನೋಡೋಣ.

ಆಷಾಢದಲ್ಲಿ ಗಿರಾಕಿ ಕಡಿಮೆ, ಪ್ರಯೋಗಕ್ಕೆ ಅದೇ ಕಾಲ. ವಜ್ರ ಹೌದೋ ಅಲ್ಲವೋ ಹೇಳುವ ಶಾಖದ ಪೆನ್ನನ್ನು ಚಿಕ್ಕ ಕಲ್ಲುಗಳ ಮೇಲೆ ಆಡಿಸಿ ನೋಡಿದೆ. ಮೊನೆ ಚಿನ್ನಕ್ಕೆ ತಗುಲಿದರೆ ಸುಳ್ಳು ಹೇಳುತ್ತೆ, ವಜ್ರದ ಹಾಗೇ ಕಾಣುವ ಮಾಯ್ಸನೈಟ್ ಕಲ್ಲಿಗೂ ವಜ್ರ ಅಂತಲೇ ಕೂಗುತ್ತೆ. ಮಾಯ್ಸನೈಟ್ ಹಿಡಿಯಲು ಓಲೆಯನ್ನು ಓರೆ ಮಾಡಿ ಲೂಪ್‌ನಲ್ಲಿ ಕೆಳಗಿನ ಪಟ್ಟೆಗಳ ಗೆರೆ ನೋಡಿ, ಎರಡೆರಡಾಗಿ ಕಾಣುತ್ತೆ. ನೆಟ್ಟಗೆ ಟೇಬಲ್ ಮೂಲಕ ನೋಡಿದರೆ ಕಾಣದೆಯೂ ಹೋಗಬಹುದು. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಹಿಡಿಯೋಕೆ ಇದ್ಯಾವುದೂ ಸಾಲದು.

ಅದಕ್ಕೆ 365 ನ್ಯಾನೋಮೀಟರ್ ಯುವಿ ಟಾರ್ಚ್, ಕತ್ತಲೆ ಕೋಣೆ. ಹಳೇ ಓಲೆಯಲ್ಲಿ ಒಂದು ಕಲ್ಲು ಗಾಢ ನೀಲಿ, ಪಕ್ಕದ್ದು ಮಂಕು, ಮಿಕ್ಕವು ಹೊಳೆಯದೆ ಸುಮ್ಮನೆ, ಹೀಗೆ ಮಿಶ್ರವಾಗಿರೋದು ಸಹಜ. ಹದಿನಾಲ್ಕೂ ಒಂದೇ ಥರ ಕಪ್ಪಗಿದ್ದರೆ ಕಲ್ಲು ಬದಲಾಗಿದೆಯಾ ಅಂತ ನನಗೆ ಅನುಮಾನ. ಅದು ಅನುಮಾನವಷ್ಟೇ, ತೀರ್ಮಾನ ವಜ್ರ ಪರೀಕ್ಷೆ ಮಾಡೋ ಲ್ಯಾಬ್‌ನವರದು. ನೀಲಿ ಹೊಳೆದ ಮಾತ್ರಕ್ಕೆ "ಬ್ಲೂ ಜಾಗರ್" (ನೀಲಿ ಛಾಯೆಯ ಬಿಳಿ ವಜ್ರಕ್ಕೆ ವ್ಯಾಪಾರದ ಹೆಸರು) ಅಂತ ಹೆಚ್ಚು ಕೊಡಬೇಡಿ: ಬಿಸಿಲಲ್ಲಿ ಆ ನೀಲಿ ಹಳದಿಯನ್ನು ಮರೆಸುತ್ತೆ, ಅಂಗಡಿಯ ಎಲ್‌ಇಡಿ ಕೆಳಗೆ ಹಳದಿ ಮತ್ತೆ ಹೊರಗೆ ಬರುತ್ತೆ. ಕಲ್ಲಿನ ಬೆನ್ನಿಗೆ ಹೊಳೆಯುವ ತೆಳು ಲೋಹದ ಹಾಳೆ ಬೇರೆ ಇರುತ್ತೆ, ಕಲ್ಲನ್ನು ಬೆಳ್ಳಗೆ ತೋರಿಸುತ್ತೆ. ಹಾಗಾಗಿ ಕಂಡ ಬಣ್ಣಕ್ಕಿಂತ ಒಂದೆರಡು ದರ್ಜೆ ಇಳಿಸಿಯೇ ರೇಟು ಹೇಳಿ.

ತೊಳೆಯೋ ಆಸೆಗೆ ಅಂಟುವಾಳದ ನೀರಲ್ಲಿ ನೆನೆಹಾಕಬೇಡಿ. ನೀರು ಒಳಗಿಳಿದರೆ ಹಾಳೆ ಕಪ್ಪಾಗಿ ಕಲ್ಲೇ ಸತ್ತ ಹಾಗೆ ಕಾಣುತ್ತೆ. ಹತ್ತಿಗೆ ಸ್ಪಿರಿಟ್ ತಾಗಿಸಿ ಮೇಲಷ್ಟೇ ಒರೆಸಿ.

ಚಿನ್ನದ ತೂಕ ತಿಳಿಯೋಕೆ ಓಲೆಯ ಒಟ್ಟು ತೂಕದಿಂದ ಕಲ್ಲಿನ ತೂಕ ಕಳೆಯೋದು ಸುಲಭ, 1.4 ಕ್ಯಾರೆಟ್ ಅಂದರೆ 0.28 ಗ್ರಾಂ. ಒಳಗೆ ಅರಗು ತುಂಬಿದ್ದರೆ ಈ ಲೆಕ್ಕ ನಡೆಯಲ್ಲ. ಚಿನ್ನದ ದುಡ್ಡಿನಲ್ಲಿ ಸ್ವಲ್ಪ ತಡೆಹಿಡಿದು, ಕರಗಿಸಿದ ಮೇಲೆ ಚುಕ್ತಾ ಮಾಡ್ತೀನಿ ಅಂತ ಮೊದಲೇ ಚೀಟಿಯಲ್ಲಿ ಬರೆದುಕೊಡಿ.