ಲ್ಯಾಮಿನೇಷನ್ ಮಾಡಿಸಿದ ಹಿಂಬರಹ

ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕಚೇರಿಯಲ್ಲಿ ನಾನು ವಿಷಯ ನಿರ್ವಾಹಕ. ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಅರ್ಜಿಗಳು ನನ್ನ ಮೇಜಿಗೇ ಬರುತ್ತವೆ. ಎಪಿಎಂಸಿಗೆ ಜಲಂಧರ್ ಬಿತ್ತನೆ ಆಲೂಗಡ್ಡೆ ಬಂದಿದ್ದ ಒಂದು ಮೇ ತಿಂಗಳಲ್ಲಿ, ಆಲೂರು ಕಡೆಯ ಅಜ್ಜಿಯೊಬ್ಬರು ಸೆರಗಿನಡಿಯಿಂದ ಒಂದು ಕಾಗದ ತೆಗೆದು ಮುಂದಿಟ್ಟರು. ಲ್ಯಾಮಿನೇಷನ್ ಮಾಡಿಸಿದ್ದರು. "ಖಾತೆ ಆಗೈತಲ್ಲ ಸ್ವಾಮಿ, ಸೊಸೈಟಿಯೋರು ಸಾಲ ಕೊಡಾಕಿಲ್ಲ ಅಂತಾರೆ" ಅಂದರು.

ಅದು ಖಾತೆಯಲ್ಲ. ಎರಡು ತಿಂಗಳ ಹಿಂದೆ ನಾನೇ ಕೊಟ್ಟಿದ್ದ ಹಿಂಬರಹ, ಅಂದರೆ ಅರ್ಜಿ ಏನಾಯಿತೆಂದು ಕಚೇರಿ ಬರೆದುಕೊಡುವ ಉತ್ತರ. 'ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ದಾಖಲೆಗಳಲ್ಲಿ ಹೆಸರು ತಾಳೆಯಾಗದ ಕಾರಣ ವಿಲೇಗೊಳಿಸಲಾಗಿದೆ.' ಪಹಣಿಯಲ್ಲಿ ಗಂಡನ ಹೆಸರಿನ ಕೊನೆಗೆ 'ಅಯ್ಯ' ಇತ್ತು, ಮರಣ ಪ್ರಮಾಣಪತ್ರದಲ್ಲಿ 'ಅಪ್ಪ'. ಅಷ್ಟೇ. ಓದಲು ಬಾರದ ಆಕೆ ಸೀಲು, ಸಹಿ ನೋಡಿ ಕೆಲಸ ಆಯಿತು ಅಂದುಕೊಂಡು, ಮಳೆಗೆ ನೆನೆಯದಿರಲೆಂದು ದುಡ್ಡು ಕೊಟ್ಟು ಪ್ಲಾಸ್ಟಿಕ್ ಹಾಕಿಸಿದ್ದರು.

ಕಂಪ್ಯೂಟರಿನಲ್ಲಿ ಆ ಅರ್ಜಿ ಗಡುವಿನೊಳಗೇ ಮುಗಿದಿತ್ತು. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ 2011ರ ಸಕಾಲ ಕಾಯ್ದೆಯಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೊಡಬೇಕು. ಆ ಕಾಯ್ದೆ ಜನಕ್ಕೆ ಬೇಕೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತಿರಸ್ಕರಿಸಿದರೂ ಅದು ವಿಲೇವಾರಿಯೇ. ಬಂದವರಿಗೆ ಅರ್ಥವಾಯಿತಾ ಅಂತ ಕೇಳುವ ಕಾಲಂ ಎಲ್ಲೂ ಇಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯರೊಬ್ಬರು ಹೇಳಿದ್ದರು: ಮುಖ ನೋಡಬೇಡ, ನೋಡಿದರೆ ಫೈಲು ನಿಲ್ಲುತ್ತೆ. ನಂಬಿದ್ದೆ. ವರ್ಷಗಟ್ಟಲೆ ನಾನು ನೋಡಿದ್ದು ಮೇಜಿನಂಚಿನಲ್ಲಿ ಅರ್ಜಿ ಚಾಚುವ ಕೈಗಳನ್ನು ಮಾತ್ರ.

ಮರುದಿನ ರೆಕಾರ್ಡ್ ರೂಮಿನಿಂದ ಒಂದು ಕುರ್ಚಿ ತಂದು ಎದುರಿಗೆ ಹಾಕಿದೆ. ಈಗ ಹಿಂಬರಹ ಕೊಡುವಾಗ ಕೂರಿಸಿ, ನಾನೇ ಓದಿ, ಆಡುಮಾತಿನಲ್ಲಿ ಹೇಳುತ್ತೇನೆ. 'ಕೆಲಸ ಆಗಿಲ್ಲ' ಅನ್ನುವುದನ್ನೇ ಮೊದಲು ಹೇಳುತ್ತೇನೆ. ಆಮೇಲೆ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡುತ್ತೇನೆ: 'ನೋಟರಿ ಹತ್ತಿರ ಅಫಿಡವಿಟ್. ಎರಡೂ ಹೆಸರು ಒಬ್ಬರದೇ ಅಂತ.' ಕೊನೆಗೆ, "ಈಗ ಎಲ್ಲಿಗೆ ಹೋಗ್ತೀರಿ, ಏನು ತರ್ತೀರಿ, ನೀವೇ ಹೇಳಿ" ಅನ್ನುತ್ತೇನೆ. ಅವರ ಬಾಯಲ್ಲಿ ಅದು ತಪ್ಪಾಗಿ ಬಂದರೆ ನಾನು ಹೇಳಿದ್ದು ಸರಿಯಾಗಿಲ್ಲ ಅಂತಲೇ ಲೆಕ್ಕ. ಒಬ್ಬೊಬ್ಬರಿಗೆ ಐದು ನಿಮಿಷ ಹಿಡಿಯುತ್ತೆ. ಸಾಲು ಬೆಳೆಯುತ್ತೆ ಅಂತ ಪಕ್ಕದ ಮೇಜಿನವರು ಗೊಣಗುತ್ತಾರೆ. ಅದೇ ಜನ ಮೂರು ಮೂರು ಸಲ ಬರುವುದು ನಿಂತಿದೆ.

ಅಜ್ಜಿ ಅಫಿಡವಿಟ್ ತಂದರು. ಆಕ್ಷೇಪಣೆ ಸಲ್ಲಿಸಲು ಕೊಡುವ ದಿನಗಳು ಕಳೆದು ಖಾತೆ ಆಗುವಷ್ಟರಲ್ಲಿ ಆಲೂಗಡ್ಡೆ ಬಿತ್ತನೆ ದಾಟಿಹೋಗಿತ್ತು. ಆ ವರ್ಷ ಆ ಹೊಲಕ್ಕೆ ಮುಸುಕಿನ ಜೋಳ ಹಾಕಿದರು.