ಓಡಿ ಬಂದ ಅಪ್ಪನ ಕಥೆ ಮಕ್ಕಳಿಗೆ ಹೇಳುವುದು ಹೇಗೆ?

ಚರ್ಚಿನ ಸಂಡೇ ಸ್ಕೂಲಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಟೀಚರ್ ಅರ್ಧ ಗಂಟೆ ದೇವರ ಪ್ರೀತಿಯ ಕಥೆ ಹೇಳುತ್ತಾರೆ. ಕೊನೆಗೆ ಗಲಾಟೆ ಮಾಡುವ ಹುಡುಗನ ಕಡೆ ತಿರುಗಿ, "ಹೀಗೆ ಮಾಡಿದರೆ ಯೇಸಪ್ಪನಿಗೆ ನೀನು ಬೇಡ" ಅನ್ನುತ್ತಾರೆ. ಆ ಮಗು ಮನೆಗೆ ಒಯ್ಯುವುದು ಆ ಒಂದು ಮಾತನ್ನೇ.

ಮೊದಲು ನಮ್ಮ ಮಾತು ಸರಿಮಾಡಿಕೊಳ್ಳೋಣ. 'ಷರತ್ತಿಲ್ಲದ ಪ್ರೀತಿ' ಅಂದರೆ ಐದು ವರ್ಷದ ಮಗುವಿಗೆ ಏನೂ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಒಂದಕ್ಷರ ಬದಲಾಯಿಸಿದರೆ ಸಾಕು. 'ಮಾಡಿದರೆ' ಬಿಟ್ಟು 'ಮಾಡಿದರೂ' ಅನ್ನಿ. ಹಾಲು ಚೆಲ್ಲಿದರೂ, ತಂಗಿಗೆ ಹೊಡೆದರೂ, ಸುಳ್ಳು ಹೇಳಿದರೂ ದೇವರಿಗೆ ನೀನು ಬೇಕು.

ಇನ್ನು ಕಥೆ. ಬೈಬಲಿನ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಮೂರಿವೆ: 100 ಕುರಿಗಳಲ್ಲಿ ಕಳೆದುಹೋದ ಒಂದು, 10 ನಾಣ್ಯಗಳಲ್ಲಿ ಒಂದು, ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ. ನಾನು ಯಾವಾಗಲೂ ಮಗನ ಕಥೆಯನ್ನೇ ಹೇಳುತ್ತೇನೆ. ನಾಣ್ಯ ತಾನಾಗಿ ಬಿದ್ದುಹೋಗಿರುತ್ತದೆ, ಮಗ ಬೇಕಂತಲೇ ಹೋದವನು. ಬೇಕಂತಲೇ ತಪ್ಪು ಮಾಡಿದ ಮಗುವಿಗೆ ಈ ಕಥೆಯೇ ಬೇಕು, ಅಲ್ವಾ?

ಆ ಮಗ ಅಪ್ಪನ ಆಸ್ತಿಯಲ್ಲಿ ಪಾಲು ಕೇಳಿದ್ದು, ದುಡ್ಡು ಹಾಳುಮಾಡಿದ್ದು, ಬರ ಬಂದಾಗ ಹಂದಿ ಮೇಯಿಸಿದ್ದು, ಇಷ್ಟನ್ನು ನಾಲ್ಕು ಮಾತಿನಲ್ಲಿ ಮುಗಿಸಿ. ಹಂದಿಯ ಸದ್ದು ಮಾಡಿ ಮಕ್ಕಳನ್ನು ನಗಿಸುತ್ತಾ ಕೂತರೆ ಮುಖ್ಯ ಜಾಗಕ್ಕೆ ಸಮಯವೇ ಉಳಿಯುವುದಿಲ್ಲ.

ಆ ಜಾಗ ಅದೇ ಅಧ್ಯಾಯದ 20ನೇ ವಚನ, ಅಪ್ಪ ಓಡಿ ಬರುವ ಸಾಲು. ಒಂದು ಮಗುವನ್ನು ಗೇಟಿನ ಹತ್ತಿರ ನಿಲ್ಲಿಸಿ, ಅದು ಮನೆಗೆ ವಾಪಸ್ ಬರುತ್ತಿರುವ ಮಗ. ಇನ್ನೊಂದನ್ನು ಈ ತುದಿಯಲ್ಲಿ ನಿಲ್ಲಿಸಿ, ಅದು ಅಪ್ಪ. ಮಗ ದಾರಿಯುದ್ದಕ್ಕೂ ತನ್ನ ಮಾತು ಬಾಯಿಪಾಠ ಮಾಡುತ್ತಾ ಬರಲಿ: "ಅಪ್ಪಾ, ತಪ್ಪು ಮಾಡಿದೆ. ನಾನು ನಿನ್ನ ಮಗ ಅಂತ ಹೇಳ್ಕೊಳ್ಳೋಕೆ ಯೋಗ್ಯ ಅಲ್ಲ. ಕೂಲಿಯವನ ಥರ ಇಟ್ಕೋ." ಅವನು ಇನ್ನೂ ದೂರದಲ್ಲಿರುವಾಗಲೇ ಅಪ್ಪ ನೋಡಿ ಓಡಬೇಕು. ನಮ್ಮ ತಾತ ಪಂಚೆ ಎತ್ತಿ ಕಟ್ಟಿ ರಸ್ತೆಯಲ್ಲಿ ಓಡಿದರೆ ಹೇಗಿರುತ್ತದೋ ಹಾಗೆ. ಅಪ್ಪಿಕೊಂಡ ತಕ್ಷಣ ಆಟ ನಿಲ್ಲಿಸಿ, ಕೇಳಿ: "ಮಗ ಸಾರಿ ಕೇಳಿದ್ನಾ?" ಇಲ್ಲ ಅನ್ನುತ್ತಾರೆ. "ಮತ್ತೆ ಅಪ್ಪ ಯಾಕೆ ಓಡಿದ?" ಆಮೇಲೆ ಸುಮ್ಮನಿರಿ. ನಾವೇ ಉತ್ತರ ಹೇಳಿಬಿಟ್ಟರೆ ಎಲ್ಲ ಹಾಳು. ಎಷ್ಟು ಹೊತ್ತಾದರೂ ಕಾಯಿರಿ.

ನಂತರ ಮಗ ಮಾತು ಶುರು ಮಾಡಲಿ. 19ನೇ ವಚನದಲ್ಲಿ ಅವನು ಅಂದುಕೊಂಡಿದ್ದ ಕೂಲಿಯವನ ಮಾತು 21ರಲ್ಲಿ ಇಲ್ಲ. ಅದನ್ನು ಹೇಳುವ ಮೊದಲೇ ಅಪ್ಪ ಒಳ್ಳೆಯ ಅಂಗಿ, ಉಂಗುರ, ಚಪ್ಪಲಿ ತನ್ನಿ ಅಂತ ಆಳುಗಳಿಗೆ ಹೇಳುತ್ತಿದ್ದಾನೆ.

ಅಂಗಡಿಯಲ್ಲಿ ಸಿಗುವ ಕೆಲವು ಬಣ್ಣದ ಚಾರ್ಟುಗಳಲ್ಲಿ ಅಪ್ಪ ಬಾಗಿಲಲ್ಲೇ ಕೈ ಚಾಚಿ ನಿಂತಿರುತ್ತಾನೆ. ಅಂಥದ್ದನ್ನು ಕೊಳ್ಳಬೇಡಿ. ಬೋರ್ಡಿನ ಮೇಲೆ ನೀವೇ ಗೀಚಿದ ಓಡುವ ಅಪ್ಪ ಸಾವಿರ ಪಾಲು ಮೇಲು. ಮೊಬೈಲಿನಲ್ಲಿ ಕಾರ್ಟೂನ್ ಹಾಕಿ ಕೂರಿಸುವುದೂ ಬೇಡ.

ಮನೆಯಲ್ಲಿ ಅಪ್ಪ ಇಲ್ಲದ, ಅಪ್ಪನ ಹೊಡೆತ ತಿನ್ನುವ ಮಕ್ಕಳೂ ಕೂತಿರುತ್ತಾರೆ. "ದೇವರು ನಿಮ್ಮ ಅಪ್ಪನ ಥರ" ಅನ್ನಲೇಬೇಡಿ. "ಈ ಕಥೆಯ ಅಪ್ಪನ ಥರ" ಅನ್ನಿ.

"ಹಾಗಾದ್ರೆ ತಪ್ಪು ಮಾಡಬಹುದಾ ಟೀಚರ್?" ಅಂತ ಒಂದು ಮಗುವಾದರೂ ಕೇಳುತ್ತದೆ. ಹೆದರಿಸಬೇಡಿ. ಚೆಲ್ಲಿದ ಹಾಲು ಒರೆಸಬೇಕು, ಹೊಡೆದ ತಂಗಿಯ ಹತ್ತಿರ ಹೋಗಿ ಸಾರಿ ಕೇಳಬೇಕು ಅನ್ನಿ. ಒರೆಸಿದ ಮೇಲೆ ಪ್ರೀತಿ ಸಿಗುವುದಲ್ಲ, ಒರೆಸುವಾಗಲೂ ಅಮ್ಮ ಪಕ್ಕದಲ್ಲೇ ಬಟ್ಟೆ ಹಿಡಿದು ಕೂತಿರುತ್ತಾಳೆ ಅನ್ನಿ.

ಅವತ್ತು ಯಾರಿಗೂ ಸ್ಟಾರ್ ಅಂಟಿಸಬೇಡಿ. ಬಿಸ್ಕತ್ತು ಹಂಚಿ. ತಡವಾಗಿ ಬಂದವನಿಗೆ, ವಚನ ಬಾಯಿಪಾಠ ಬಾರದವನಿಗೆ ಮೊದಲು ಕೊಡಿ. ಮುಂದಿನ ಬೆಂಚಿನಿಂದ "ಅವನಿಗ್ಯಾಕೆ?" ಅಂತ ಕೂಗು ಬಂದೇ ಬರುತ್ತದೆ. ಅಲ್ಲಿಂದಲೇ ಮನೆಯಲ್ಲೇ ಉಳಿದಿದ್ದ ಅಣ್ಣನ ಕಥೆ ಶುರು ಮಾಡಿ. ತಮ್ಮ ಬಂದನೆಂದು ಅಪ್ಪ ಔತಣ ಮಾಡಿಸಿದ್ದಕ್ಕೆ ಅವನು ಸಿಟ್ಟಾಗಿ ಹೊರಗೇ ನಿಂತಾಗ ಅಪ್ಪ ಊಟ ಬಿಟ್ಟು ಅವನಿಗಾಗಿಯೂ ಹೊರಗೆ ಬಂದ.