ಸೀಳಿನಾಚೆ ಹಾರಿದ ಬೆಳ್ಳಕ್ಕಿ

ಬೆಲ್ಜಿಯಂನ ಜೋಸೆಫ್ ಪ್ಲಾಟೋ 1832ರ ಕೊನೆಗೆ ಮಾಡಿದ, ತಿರುಗಿಸಿದರೆ ಚಿತ್ರಗಳು ಚಲಿಸುವಂತೆ ಕಾಣುವ ತಟ್ಟೆಯನ್ನು ನಾನೂ ಮನೆಯಲ್ಲಿ ಮಾಡಿದೆ. ಫೆನಕಿಸ್ಟಿಸ್ಕೋಪ್ ಎಂಬ ನಾಲಿಗೆ ಹೊರಳದ ಹೆಸರು ಅದಕ್ಕೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ವಿಯೆನ್ನಾದಲ್ಲಿ ಸೈಮನ್ ಸ್ಟಾಂಪ್ಫರ್ ಕೂಡ, ಇವರ ಸುಳಿವೇ ಇಲ್ಲದೆ, ಅಂಥದ್ದೇ ತಟ್ಟೆ ತಿರುಗಿಸುತ್ತಿದ್ದರು.

ಬೇಕಾದದ್ದು ರಟ್ಟು, ಕೈವಾರ, ಕೋನಮಾಪಕ, ಕಟರ್ ಬ್ಲೇಡು, ಒಂದು ಕನ್ನಡಿ. 24 ಸೆಂ.ಮೀ. ಅಗಲದ ವೃತ್ತ ಕತ್ತರಿಸಿ, 30 ಡಿಗ್ರಿಗೊಂದರಂತೆ 12 ಗೆರೆ ಎಳೆದೆ. ಪ್ರತಿ ಗೆರೆಯ ಮೇಲೆ ಅಂಚಿನಿಂದ ಒಳಗೆ 3 ಸೆಂ.ಮೀ. ಉದ್ದದ ಸೀಳು. ಹಿಂಬದಿಗೆ ಕಪ್ಪು ಬಣ್ಣ. ನಡುವೆ ಗುಂಡುಸೂಜಿ ಚುಚ್ಚಿ, ಪೆನ್ಸಿಲ್ ತುದಿಯ ರಬ್ಬರಿಗೆ ಸಿಕ್ಕಿಸಿದರೆ ಹಿಡಿಯೂ ಆಯಿತು. ಚಿತ್ರದ ಬದಿ ಕನ್ನಡಿಗೆ, ಕಪ್ಪು ಬದಿ ನಮಗೆ. ತಿರುಗಿಸುತ್ತ ಸೀಳಿನ ಮೂಲಕ ಕನ್ನಡಿ ನೋಡಬೇಕು.

ಜೀವ ಇರುವುದೆಲ್ಲ ಆ ಸೀಳಿನಲ್ಲೇ. ಸೀಳನ್ನು ಬಿಟ್ಟು ತಟ್ಟೆಯ ಮೇಲಿಂದ ಇಣುಕಿದರೆ ಕಾಣುವುದು ಕಲಸಿಹೋದ ಬೂದು ಉಂಗುರ, ಅಷ್ಟೇ. ಕಣ್ಣಿನಲ್ಲಿ ಚಿತ್ರ ಕ್ಷಣಕಾಲ ಉಳಿಯುವುದರಿಂದ ಚಲನೆ ಕಾಣುತ್ತದೆ ಎಂದು ಎಲ್ಲರೂ ಹೇಳುತ್ತಾರೆ; ಬರೀ ಅದೊಂದೇ ಆಗಿದ್ದರೆ ನಮಗೆ ದಕ್ಕುತ್ತಿದ್ದದ್ದು ಆ ಉಂಗುರವೇ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಕತ್ತಲು ಬೇಕು. ಸೀಳಿನ ಅಗಲ 3 ಮಿ.ಮೀ. ಇದ್ದಾಗ ರೆಕ್ಕೆಯ ಗೆರೆ ಚೂಪಾಗಿ ಬಂತು, ಆದರೆ ಬೆಳಕು ಸಾಲಲಿಲ್ಲ. 6 ಮಿ.ಮೀ. ಮಾಡಿ ನೋಡಿದರೆ ಬೆಳಕು ಧಾರಾಳ, ಗೆರೆ ಮಬ್ಬು. ಕೊನೆಗೆ 4ಕ್ಕೆ ನಿಲ್ಲಿಸಿ, ತಟ್ಟೆಯನ್ನೇ ಕಿಟಕಿಯ ಬಿಸಿಲಿಗೆ ಒಯ್ದೆ. ಎಲ್‌ಇಡಿ ದೀಪದ ಕೆಳಗೆ ಬೇಡ. ಕೆಲವು ದೀಪಗಳು ತಾವೇ ಮಿಣುಕುತ್ತ ಆಟ ಕೆಡಿಸುತ್ತವೆ.

ಬಿಡಿಸಿದ್ದು ಬೆಳ್ಳಕ್ಕಿ, ರೆಕ್ಕೆ ಬಡಿತದ ಒಂದೊಂದು ಹಂತಕ್ಕೆ ಒಂದರಂತೆ 12 ಚಿತ್ರ. ರೆಕ್ಕೆ ಕೆಳಗೆ ಬಡಿಯುವಾಗ ಪೂರ್ತಿ ಚಾಚಿರುತ್ತದೆ, ಮೇಲೇಳುವಾಗ ಮಣಿಕಟ್ಟಿನಲ್ಲಿ ಮಡಚಿಕೊಳ್ಳುತ್ತದೆ. ಇಳಿದ ದಾರಿಯಲ್ಲೇ ಹತ್ತಿಸಿದರೆ ಅದು ಹಕ್ಕಿಯಲ್ಲ, ಬೀಸಣಿಗೆ. ರೆಕ್ಕೆ ಇಳಿದಾಗ ಮೈ ಕೂದಲೆಳೆಯಷ್ಟು ಮೇಲಕ್ಕೆ, ಎದ್ದಾಗ ಕೆಳಕ್ಕೆ ಬರಬೇಕು. ಹನ್ನೆರಡನೆಯ ಚಿತ್ರ ಮೊದಲನೆಯದಕ್ಕೆ ಬೆಸೆದುಕೊಳ್ಳಬೇಕು, ಇಲ್ಲದಿದ್ದರೆ ಪ್ರತಿ ಸುತ್ತಿಗೂ ಹಕ್ಕಿ ಬೆಚ್ಚಿಬೀಳುತ್ತದೆ.

12 ಸೀಳಿಗೆ 12 ಹಕ್ಕಿ ಇದ್ದರೆ ಅವು ನಿಂತಲ್ಲೇ ರೆಕ್ಕೆ ಬಡಿಯುತ್ತವೆ. ಸೀಳು ಅಷ್ಟೇ ಇಟ್ಟು 13 ಹಕ್ಕಿ ಬಿಡಿಸಿದೆ. ತಟ್ಟೆ ತಿರುಗುವ ದಿಕ್ಕಿಗೇ ಇಡೀ ಹಿಂಡು ಮೆಲ್ಲಗೆ ಸಾಗಿತು. 11 ಬಿಡಿಸಿದರೆ ಹಿಂದಕ್ಕೆ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವ ಗುಟ್ಟೂ ಇದೇ. ನನ್ನನ್ನು ಕೇಳಿದರೆ, ಈ ಹದಿಮೂರನೆಯ ಹಕ್ಕಿಗೋಸ್ಕರವೇ ತಟ್ಟೆ ಮಾಡಬಹುದು.

ತಟ್ಟೆಯ ತೊಂದರೆ ಏನೆಂದರೆ ಒಂದು ಸಲಕ್ಕೆ ಒಬ್ಬರೇ ನೋಡಬೇಕು. 1834ರಲ್ಲಿ ವಿಲಿಯಂ ಜಾರ್ಜ್ ಹಾರ್ನರ್ ವಿವರಿಸಿದ ಗೋಡೆಯಲ್ಲಿ ಸೀಳು, ಒಳಗೆ ಚಿತ್ರ ಇರುವ ತಿರುಗುವ ಡಬ್ಬಿಯಂಥ ರೂಪದಲ್ಲಿ, ಅಂದರೆ ಮುಂದೆ ಜೋಟ್ರೋಪ್ ಎನಿಸಿಕೊಂಡದ್ದರಲ್ಲಿ, ಸುತ್ತ ಕೂತವರೆಲ್ಲ ನೋಡಬಹುದು. ಆದರೆ ಅದರಲ್ಲಿ ಚಿತ್ರ ಸಪೂರವಾಗಿ ಕಾಣುತ್ತದೆ, ಅದಕ್ಕೇ ಬೆಳ್ಳಕ್ಕಿಯನ್ನು ಬೇಕೆಂದೇ ಅಗಲವಾಗಿ ಬಿಡಿಸಿಕೊಂಡೆ. ಬೆಳಕಿನ ಕೊರತೆ ನೀಗಿಸಿದವರು ಫ್ರಾನ್ಸಿನ ಎಮಿಲ್ ರೇನೋ. 1877ರಲ್ಲಿ ಅವರು ಸೀಳುಗಳನ್ನೇ ತೆಗೆದು, ನಡುವೆ ಕನ್ನಡಿ ಪಟ್ಟಿಗಳ ಕಂಬ ನಿಲ್ಲಿಸಿದರು. ನಾನೀಗ ಕೂತಿರುವುದು ಅದರ ಲೆಕ್ಕದಲ್ಲಿ: ಕನ್ನಡಿಗಳು ಡಬ್ಬಿಯ ತ್ರಿಜ್ಯದ ಸರಿಯಾಗಿ ಅರ್ಧದಲ್ಲಿ ನಿಂತರೆ ಮಾತ್ರ ಪ್ರತಿಬಿಂಬ ನಟ್ಟನಡುವೆ ಅಲುಗಾಡದೆ ಕೂರುತ್ತದೆ. ಗಾಜಿನಂಗಡಿಯವರು ಅಷ್ಟು ಸಣ್ಣ ಪಟ್ಟಿ ಕತ್ತರಿಸಲು ಇನ್ನೂ ಒಪ್ಪಿಲ್ಲ.